ಹೊಲ ಎಲ್ಲಿಂದ ಬಂತು?
ಅಪ್ಪ ಹಿರಿಯರ ಆಸ್ತಿ ಮಾರಿದಾಗ ಮಕ್ಕಳು ಏನು ಮಾಡಬೇಕು



ಹೊಲ, ಮನೆ, ಜಾಗ ನಮ್ಮ ಬದುಕಿಗೆ ಆಧಾರ. ಆ ಹೊಲವನ್ನು ಮನೆಯ ಹಿರಿಯರು ಯಾರಿಗೂ ಹೇಳದೆ ಮಾರಿದರೆ ಏನು ಮಾಡಬೇಕು? ಸುಮ್ಮನೆ ಕೂಡಬೇಕೇ? ಜಗಳ ಆಡಬೇಕೇ? ಕೋರ್ಟಿಗೆ ಹೋಗಬೇಕೇ? ಈ ಪಾಠದಲ್ಲಿ ಇದನ್ನು ತಿಳಿಯೋಣ.

ನಾವು ಸೊಲ್ಲಾಪುರ ಜಿಲ್ಲೆಯವರು. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ. ಆದರೆ ಹೊಲದ ಕಾಗದ ಮರಾಠಿಯಲ್ಲಿ ಇರುತ್ತದೆ. ಆದ್ದರಿಂದ ಕಾಗದದಲ್ಲಿ ಬರುವ ಮರಾಠಿ ಶಬ್ದಗಳನ್ನೂ ಇಲ್ಲಿ ಕಲಿಯೋಣ. ಕಥೆಯಲ್ಲಿ ಬರುವ ಜನರು ಪಾಠಕ್ಕಾಗಿ ಕಟ್ಟಿದವರು. ಕಾಯಿದೆ ಮಾತ್ರ ನಿಜವಾದದ್ದು.

1. ಪಂಚಮಿಗೆ ಬಂದ ಮಗಳು

ಶಾಂತವ್ವ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಮಗಳು. ಲಗ್ನವಾಗಿ ಹದಿನೈದು ವರ್ಷ ಆಯಿತು. ನಾಗಪಂಚಮಿಗೆ ತವರುಮನೆಗೆ ಬಂದಳು. ಜೋಕಾಲಿ ಕಟ್ಟಿದ್ದರು. ಉಂಡಿ ಕಟ್ಟಿದ್ದರು. ಆದರೆ ಅವ್ವನ ಮುಖದಲ್ಲಿ ಕಳೆ ಇರಲಿಲ್ಲ.

"ಯಾಕವ್ವಾ, ಮಾರಿ ಸಣ್ಣ ಮಾಡಿ ಕುಂತಿ?" ಎಂದು ಶಾಂತವ್ವ ಕೇಳಿದಳು.

"ಏನ್ ಹೇಳ್ಲಿ ಮಗಳ, ನಿಮ್ಮಪ್ಪ ಹಳ್ಳದ ಹೊಲದಾಗ ಐದ ಎಕರೆ ಕೊಟ್ಟಾರ. ಒಂದ ಲಕ್ಷ ಇಸಾರ ಇಸ್ಕೊಂಡಾರ. ನನಗೂ ಹೇಳಿಲ್ಲ, ನಿಮ್ಮ ಅಣ್ಣಗೂ ಹೇಳಿಲ್ಲ" ಎಂದಳು ನಾಗವ್ವ.

ಅಣ್ಣ ಮಲ್ಲಪ್ಪ ಸಿಟ್ಟಿನಲ್ಲಿ ಹಲ್ಲು ಕಡಿಯುತ್ತಿದ್ದ. "ತಗೊಂಡವ ಹೊಲದಾಗ ಹೆಂಗ ಕಾಲಿಡ್ತಾನ ನಾ ನೋಡ್ತೀನಿ" ಎಂದ.

ಅಪ್ಪ ಗುರಪ್ಪ ಕಟ್ಟೆಯ ಮೇಲೆ ಕುಂತಿದ್ದ. "ಹೊಲ ನನ್ನ ಹೆಸರಿಗಿ ಅದ. ನಾ ಮಾರ್ತೀನಿ. ಕೇಳವರು ಯಾರು?" ಎಂದ.

ಶಾಂತವ್ವ ಸಾಕ್ಷರತಾ ವರ್ಗಕ್ಕೆ ಹೋಗುತ್ತಾಳೆ. ವರ್ಗದಲ್ಲಿ ಉತಾರ ಓದುವುದನ್ನು ಕಲಿತಿದ್ದಳು. ಅವಳು ಜಗಳ ಆಡಲಿಲ್ಲ. ಅಪ್ಪನ ಹತ್ತಿರ ಹೋಗಿ ಕುಂತಳು. ಒಂದೇ ಮಾತು ಕೇಳಿದಳು.

"ಅಪ್ಪಾ, ಆ ಹೊಲ ನಿನಗ ಎಲ್ಲಿಂದ ಬಂತು?"

ಗುರಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಎಲ್ಲಿಂದ ಬರ್ತದ? ನಮ್ಮ ಹಿರ್ಯಾರಿಂದ ಬಂತು" ಎಂದ.

ಬಂಧುಗಳೇ, ಈ ಪಾಠದ ಬೀಜ ಇದೇ ಪ್ರಶ್ನೆ. ಹೊಲ ಯಾರ ಹೆಸರಿಗೆ ಇದೆ ಎಂಬುದು ಎರಡನೆಯ ಮಾತು. ಹೊಲ ಎಲ್ಲಿಂದ ಬಂತು ಎಂಬುದು ಮೊದಲನೆಯ ಮಾತು.

2. ಒಂದು ಮನೆ, ಮೂರು ಹೊಲ

ಗುರಪ್ಪನ ಮನೆಯಲ್ಲಿ ಮೂರು ಹೊಲ ಇವೆ. ಮೂರಕ್ಕೂ ಕಾಯಿದೆಯ ಉತ್ತರ ಬೇರೆ ಬೇರೆ.

ಮೊದಲನೆಯದು ಹಳ್ಳದ ಹೊಲ, 8 ಎಕರೆ. ಇದು ಗುರಪ್ಪನ ಮುತ್ತ್ಯಾನ ಹೊಲ. ಮುತ್ತ್ಯಾ 1950ರಲ್ಲಿ ತೀರಿಕೊಂಡ. ಹೊಲ ಗುರಪ್ಪನ ಅಪ್ಪ ಸಿದ್ದಪ್ಪನಿಗೆ ಬಂತು. ಸಿದ್ದಪ್ಪ 1985ರಲ್ಲಿ ಇಬ್ಬರು ಗಂಡುಮಕ್ಕಳ ಜೊತೆ ವಾಟಣಿ ಮಾಡಿದ. ಗುರಪ್ಪನ ಪಾಲಿಗೆ 8 ಎಕರೆ ಬಂತು. ಇಂಥ ಹೊಲಕ್ಕೆ ಪಿತ್ರಾರ್ಜಿತ ಆಸ್ತಿ ಎನ್ನುತ್ತಾರೆ. ಮರಾಠಿ ಕಾಗದದಲ್ಲಿ 'ವಡಿಲೋಪಾರ್ಜಿತ' ಎಂದು ಇರುತ್ತದೆ. ಇದರಲ್ಲಿ ಮಕ್ಕಳಿಗೆ ಹುಟ್ಟಿದ ದಿನದಿಂದಲೇ ಪಾಲು ಇದೆ. ಉತಾರದಲ್ಲಿ ಅಪ್ಪನ ಹೆಸರು ಒಂದೇ ಇದ್ದರೂ ಮಕ್ಕಳ ಪಾಲು ಹೋಗುವುದಿಲ್ಲ.

ಎರಡನೆಯದು ರಸ್ತೆ ಹೊಲ, 3 ಎಕರೆ. ಗುರಪ್ಪ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ. ಪಗಾರದಲ್ಲಿ ಉಳಿಸಿ ಈ ಹೊಲ ಕೊಂಡ. ಇದು ಸ್ವಯಾರ್ಜಿತ ಆಸ್ತಿ. ಮರಾಠಿಯಲ್ಲಿ 'ಸ್ವಕಷ್ಟಾರ್ಜಿತ' ಎನ್ನುತ್ತಾರೆ. ಇದು ಗುರಪ್ಪನ ಸ್ವಂತದ್ದು. ಅವನು ಮಾರಬಹುದು, ದಾನ ಕೊಡಬಹುದು, ಮೃತ್ಯುಪತ್ರ ಬರೆಯಬಹುದು. ಅವನು ಬದುಕಿರುವಾಗ ಮಕ್ಕಳು ಪಾಲು ಕೇಳಲು ಬರುವುದಿಲ್ಲ. ಆದರೆ ಹಿರಿಯರ ಹೊಲದ ಉತ್ಪನ್ನದಿಂದ ಬಂದ ಹಣದಲ್ಲಿ ಕೊಂಡಿದ್ದರೆ ಮಾತು ಬೇರೆ. ಆಗ ಅದೂ ಮನೆತನದ ಆಸ್ತಿ ಆಗಬಹುದು.

ಮೂರನೆಯದು ತವರು ಹೊಲ, 2 ಎಕರೆ. ಇದು ನಾಗವ್ವನಿಗೆ ತವರುಮನೆಯಿಂದ ಬಂದದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಇದು ನಾಗವ್ವನ ಪೂರ್ಣ ಸ್ವಂತ ಆಸ್ತಿ. ಇದನ್ನು ಗಂಡ ಮಾರಲು ಬರುವುದಿಲ್ಲ. ನಾಗವ್ವ ತಾನೇ ಮಾರಿದರೆ ಮಕ್ಕಳು ತಡೆಯಲು ಬರುವುದಿಲ್ಲ. ಅವ್ವನ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದ ಪಾಲು ಇಲ್ಲ.

3. ಇಲ್ಲಿ ಬಹಳ ಮಂದಿ ತಪ್ಪುತ್ತಾರೆ

ಮುತ್ತ್ಯಾನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಎಂದು ನಾವು ತಿಳಿಯುತ್ತೇವೆ. ಅದು ಪೂರ್ಣ ಸರಿಯಲ್ಲ.

ನೆರೆಮನೆಯ ಬಸಣ್ಣನ ಉದಾಹರಣೆ ನೋಡಿ. ಬಸಣ್ಣನ ಮುತ್ತ್ಯಾ 1972ರಲ್ಲಿ ಸ್ವಂತ ದುಡಿಮೆಯಿಂದ ಹೊಲ ಕೊಂಡ. 1990ರಲ್ಲಿ ಮೃತ್ಯುಪತ್ರ ಬರೆಯದೆ ತೀರಿಕೊಂಡ. ಅವನ ಮಕ್ಕಳು ಹೊಲ ಹಂಚಿಕೊಂಡರು. ಬಸಣ್ಣನ ಅಪ್ಪನಿಗೂ ಪಾಲು ಬಂತು. ಈ ಪಾಲು ಬಸಣ್ಣನ ಅಪ್ಪನ ಸ್ವಂತದ್ದು. ಇದರಲ್ಲಿ ಬಸಣ್ಣನಿಗೆ ಹುಟ್ಟಿನಿಂದ ಹಕ್ಕು ಇಲ್ಲ. ಯಾಕೆಂದರೆ 1956ರ ಜೂನ್ 17ರಂದು ಹೊಸ ಕಾಯಿದೆ ಬಂತು. ಆ ಮೇಲೆ ಅಪ್ಪನ ಸ್ವಂತ ಆಸ್ತಿ ವಾರಸದಿಂದ ಮಗನಿಗೆ ಬಂದರೆ ಅದು ಮಗನ ಸ್ವಂತದ್ದಾಗುತ್ತದೆ. ಸುಪ್ರೀಂ ಕೋರ್ಟ್ 1986ರಲ್ಲಿ ಇದನ್ನು ಸ್ಪಷ್ಟ ಮಾಡಿತು.

ಮೃತ್ಯುಪತ್ರದಿಂದ ಅಥವಾ ಬಕ್ಷೀಸ ಪತ್ರದಿಂದ ಬಂದ ಹೊಲವೂ ಸಾಮಾನ್ಯವಾಗಿ ಪಡೆದವರ ಸ್ವಂತದ್ದೇ.

ಆದ್ದರಿಂದ ಕೋರ್ಟಿಗೆ ಓಡುವ ಮೊದಲು ಹೊಲದ ಇತಿಹಾಸ ನೋಡಿ. ಇಲ್ಲದಿದ್ದರೆ ಹಣವೂ ಹೋದೀತು, ಮನೆಯೂ ಒಡೆದೀತು.

ಈ ಕಾಯಿದೆ ಹಿಂದೂ, ಲಿಂಗಾಯತ, ಜೈನ, ಬೌದ್ಧ, ಸಿಖ್ ಮನೆಗಳಿಗೆ ಇದೆ. ಮುಸಲ್ಮಾನರಿಗೂ ಕ್ರೈಸ್ತರಿಗೂ ಬೇರೆ ಕಾಯಿದೆ ಇದೆ. ಅವರಲ್ಲಿ ಅಪ್ಪನ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದ ಪಾಲು ಬರುವುದಿಲ್ಲ. ಅಪ್ಪ ತೀರಿದ ಮೇಲೆ ವಾರಸ ಬರುತ್ತದೆ.

4. ಕಾಗದ ಹೇಗೆ ನೋಡಬೇಕು?

ಮೊದಲು 7/12 ಉತಾರ ತೆಗೆಸಿ. ತಲಾಠಿ ಕಚೇರಿಯಲ್ಲಿ ಸಿಗುತ್ತದೆ. ಸೇತು ಕೇಂದ್ರದಲ್ಲಿ, ಸರ್ಕಾರದ ಆನ್‌ಲೈನ್ ಸೇವೆಯಲ್ಲಿ ಕೂಡ ಸಿಗುತ್ತದೆ. ತಲಾಠಿಗೆ ಈಗ ಗ್ರಾಮ ಮಹಸೂಲ ಅಧಿಕಾರಿ ಎಂದೂ ಹೇಳುತ್ತಾರೆ.

ಉತಾರದಲ್ಲಿ ಹೆಸರಿನ ಹತ್ತಿರ ಒಂದು ಅಂಕಿ ಇರುತ್ತದೆ. ಅದು ಫೇರಫಾರ ಕ್ರಮಾಂಕ. ಫೇರಫಾರ ಎಂದರೆ ಹೆಸರು ಬದಲಾದ ನೋಂದಣಿ. ಆ ಕ್ರಮಾಂಕ ಹೇಳಿ ಫೇರಫಾರದ ನಕಲು ಕೇಳಿ. ಅದರಲ್ಲಿ ಹೊಲ ಯಾರಿಂದ ಯಾರಿಗೆ ಬಂತು, ಯಾವ ವರ್ಷ ಬಂತು, ಹೇಗೆ ಬಂತು ಎಂದು ಬರೆದಿರುತ್ತದೆ. 'ವಾರಸ' ಎಂದು ಇದ್ದರೆ ತೀರಿದವರಿಂದ ಬಂದದ್ದು. 'ವಾಟಣಿ' ಎಂದು ಇದ್ದರೆ ಪಾಲಿನಿಂದ ಬಂದದ್ದು. 'ಖರೇದಿ' ಎಂದು ಇದ್ದರೆ ಕೊಂಡದ್ದು.

ಒಂದು ಫೇರಫಾರ ಹಿಡಿದು ಅದರ ಹಿಂದಿನದಕ್ಕೆ ಹೋಗಿ. ಬಾವಿಯ ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಇಳಿಯಿರಿ. ಬಹಳ ಹಳೆಯ ಕಾಗದ ತಹಸೀಲ ಕಚೇರಿಯ ದಫ್ತರದಲ್ಲಿ ಇರುತ್ತದೆ.

ಶಾಂತವ್ವನಿಗೆ ಕನ್ನಡ ಓದಲು ಬರುತ್ತದೆ, ಮರಾಠಿ ಬರುವುದಿಲ್ಲ. ಮಲ್ಲಪ್ಪನ ಮಗಳು ಮರಾಠಿ ಶಾಲೆಗೆ ಹೋಗುತ್ತಾಳೆ. ಆ ಹುಡುಗಿ ಓದಿದಳು. ಶಾಂತವ್ವ ಕನ್ನಡದಲ್ಲಿ ಬರೆದುಕೊಂಡಳು. 1985ರ ವಾಟಣಿ ಸಿಕ್ಕಿತು. 1950ರ ವಾರಸವೂ ಸಿಕ್ಕಿತು. ಹಳ್ಳದ ಹೊಲ ಪಿತ್ರಾರ್ಜಿತ ಎಂದು ಗೊತ್ತಾಯಿತು.

5. ಯಾರಿಗೆ ಎಷ್ಟು ಪಾಲು?

ಮಗಳಿಗೆ ಪಾಲು ಇದೆಯೇ? ಇದೆ. 2005ರ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ಲಗ್ನವಾದ ಮಗಳಿಗೂ ಇದೆ. ಆ ದಿನ ಅಪ್ಪ ಬದುಕಿರಲೇಬೇಕು ಎಂಬ ನಿಯಮ ಇಲ್ಲ. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಹೀಗೆ ತೀರ್ಪು ಕೊಟ್ಟಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಆದ ಮಾರಾಟವನ್ನೂ ನೋಂದಾಯಿತ ವಾಟಣಿಯನ್ನೂ ಈ ಹೊಸ ಹಕ್ಕಿನಿಂದ ಕೆಡಿಸಲು ಬರುವುದಿಲ್ಲ.

ಅವ್ವನಿಗೆ? ಅವ್ವ ತಾನಾಗಿ ವಾಟಣಿ ಕೇಳಲು ಬರುವುದಿಲ್ಲ. ಆದರೆ ಅಪ್ಪ-ಮಕ್ಕಳ ನಡುವೆ ವಾಟಣಿ ಆದಾಗ ನಮ್ಮ ಮಹಾರಾಷ್ಟ್ರದಲ್ಲಿ ಅವ್ವನಿಗೂ ಮಗನಷ್ಟು ಪಾಲು ಸಿಗುತ್ತದೆ.

ಈಗ ಲೆಕ್ಕ ಮಾಡೋಣ.

ಹಳ್ಳದ ಹೊಲ: 8 ಎಕರೆ
ಪಾಲುದಾರರು: ಗುರಪ್ಪ, ನಾಗವ್ವ, ಮಲ್ಲಪ್ಪ, ಶಾಂತವ್ವ – ಒಟ್ಟು 4
8 ÷ 4 = 2
ಒಬ್ಬೊಬ್ಬರಿಗೆ 2 ಎಕರೆ

ಗುರಪ್ಪನ ಪಾಲು 2 ಎಕರೆ. ಅವನು ಮಾರಲು ಹೊರಟದ್ದು 5 ಎಕರೆ. ಅಂದರೆ ತನ್ನ ಪಾಲಿಗಿಂತ 3 ಎಕರೆ ಹೆಚ್ಚು.

6. ಅಪ್ಪ ಮಾರಲೇ ಬಾರದೇ?

ಹಾಗಲ್ಲ. ಅಪ್ಪ ಮನೆಯ ಕರ್ತಾ. ಮನೆತನದ ಗರಜಿಗಾಗಿ ಅವನು ಎಲ್ಲರ ಪಾಲು ಸೇರಿಸಿ ಹೊಲ ಮಾರಬಹುದು. ಮಕ್ಕಳ ಸಹಿ ಇಲ್ಲದಿದ್ದರೂ ಅಂಥ ಮಾರಾಟ ನಿಲ್ಲುತ್ತದೆ. ಸಣ್ಣ ಮಕ್ಕಳ ಪಾಲಿಗೂ ಈ ಮಾತು ಅನ್ವಯಿಸುತ್ತದೆ.

ಗರಜು ಎಂದರೆ ಯಾವುದು?
- ದವಾಖಾನೆ ಖರ್ಚು
- ಮಕ್ಕಳ ಶಿಕ್ಷಣ, ಲಗ್ನ
- ಮನೆಮಂದಿಯ ಊಟ-ಬಟ್ಟೆ
- ಸರ್ಕಾರದ ಬಾಕಿ
- ಒಕ್ಕಲುತನಕ್ಕೆ ಮಾಡಿದ ಸಾಲ

ಯಾವುದು ಗರಜು ಅಲ್ಲ?
- ಕುಡಿತ
- ಜೂಜು, ಇಸ್ಪೀಟು
- ಒಬ್ಬರ ಶೋಕಿಯ ಖರ್ಚು

ಗರಜು ಇತ್ತು ಎಂದು ಯಾರು ತೋರಿಸಬೇಕು? ಕೊಂಡವರು ತೋರಿಸಬೇಕು. ನಿಜವಾದ ಗರಜು ಇತ್ತು, ಅಥವಾ ಸರಿಯಾಗಿ ವಿಚಾರಿಸಿ ನಂಬಿ ಕೊಂಡೆವು ಎಂದು ಅವರು ಕೋರ್ಟಿಗೆ ಹೇಳಿ ಸಿದ್ಧ ಮಾಡಬೇಕು.

ಗುರಪ್ಪನ ಹತ್ತಿರ ಶಾಂತವ್ವ ಸಾವಕಾಶ ಕೇಳಿದಳು. ಆಗ ಅವನು ಹೇಳಿದ. "ನಿಮ್ಮವ್ವನ ಆಪರೇಶನ್ನಿಗಿ ಅರವತ್ತ ಸಾವಿರ ಸಾಲ ಆಯ್ತು. ಅದನ್ನ ತೀರಸ್ಬೇಕಂತ ಇಸ್ಪೀಟಿಗಿ ಕುಂತೆ. ಇನ್ನ ನಲವತ್ತ ಸಾವಿರ ಆಯ್ತು. ಹೇಳಾಕ ನಾಚಿಕಿ ಬಂತು."

ನೋಡಿ, ಇಲ್ಲಿ ಅರ್ಧ ಗರಜು ಇದೆ, ಅರ್ಧ ಗರಜು ಇಲ್ಲ. ನಿಜವಾದ ಮನೆಗಳಲ್ಲಿ ಹೀಗೇ ಇರುತ್ತದೆ. ಅದಕ್ಕೇ ಮೊದಲು ಕೇಳಬೇಕು. ಸಿಟ್ಟು ಆಮೇಲೆ.

7. ಖರೇದಿ ಆಗುವ ಮೊದಲು ಏನು ಮಾಡಬೇಕು?

ಇಸಾರ ಕೊಟ್ಟರು ಎಂದರೆ ಹೊಲ ಹೋಯಿತು ಎಂದಲ್ಲ. ಇಸಾರದ ಕಾಗದಕ್ಕೆ 'ಸಾಠೇಖತ' ಎನ್ನುತ್ತಾರೆ. ಅದು ಮಾರುವ ಕರಾರು ಮಾತ್ರ. ನೋಂದಣಿ ಕಚೇರಿಯಲ್ಲಿ 'ಖರೇದಿಖತ' ಆದಾಗ ಹೊಲದ ಮಾಲಕಿ ಬದಲಾಗುತ್ತದೆ. ನಡುವೆ ಸಮಯ ಇದೆ. ಆ ಸಮಯವನ್ನು ಹೀಗೆ ಉಪಯೋಗಿಸಿ.

ಒಂದು: ಮನೆಮಂದಿ ಕೂಡಿ ಮಾತಾಡಿ. ಊರ ಹಿರಿಯರನ್ನು ಕರೆಯಿರಿ. ಕೊಳ್ಳುವವರನ್ನೂ ಕರೆಯಿರಿ. ಅನೇಕ ವ್ಯವಹಾರ ಇಲ್ಲಿಯೇ ಬಗೆಹರಿಯುತ್ತದೆ.

ಎರಡು: ಎಲ್ಲರೂ ಒಪ್ಪಿದರೆ ವಾಟಣಿ ಮಾಡಿಕೊಳ್ಳಿ. ಮಹಾರಾಷ್ಟ್ರ ಜಮೀನು ಮಹಸೂಲ ಕಾಯಿದೆಯ ಕಲಂ 85ರ ಪ್ರಕಾರ ತಹಸೀಲದಾರರಿಗೆ ಅರ್ಜಿ ಕೊಡಬಹುದು. ಆಗ ಪ್ರತಿಯೊಬ್ಬರ ಪಾಲು ಬೇರೆ ಆಗುತ್ತದೆ. ಅಪ್ಪ ತನ್ನ ಪಾಲನ್ನು ಮಾತ್ರ ಮಾರುತ್ತಾನೆ.

ಮೂರು: ಒಪ್ಪದಿದ್ದರೆ ವಕೀಲರಿಂದ ನೋಟಿಸ್ ಕಳಿಸಿ. ಅಪ್ಪನಿಗೂ ಕಳಿಸಿ, ಕೊಳ್ಳುವವರಿಗೂ ಕಳಿಸಿ. 'ಇದರಲ್ಲಿ ನಮ್ಮ ಪಾಲು ಇದೆ' ಎಂದು ಅದರಲ್ಲಿ ಬರೆಯಿಸಿ. ನೋಟಿಸ್ ಮುಟ್ಟಿದ ಮೇಲೆ 'ನನಗೆ ಗೊತ್ತಿರಲಿಲ್ಲ' ಎಂದು ಕೊಂಡವರು ಹೇಳುವುದು ಕಷ್ಟ.

ನಾಲ್ಕು: ಪೇಪರಿನಲ್ಲಿ ಬರುವ 'ಜಾಹೀರ ನೋಟಿಸ್' ನೋಡುತ್ತಿರಿ. ಹೊಲ ಕೊಳ್ಳುವವರ ವಕೀಲರು ಅದನ್ನು ಕೊಡುತ್ತಾರೆ. ಯಾರದಾದರೂ 'ಹರಕತ' ಇದ್ದರೆ ಇಷ್ಟು ದಿನದಲ್ಲಿ ತಿಳಿಸಿ ಎಂದು ಬರೆದಿರುತ್ತಾರೆ. ಹರಕತ ಎಂದರೆ ತಕರಾರು. ನಿಮ್ಮ ಗಟ ನಂಬರ ಅದರಲ್ಲಿ ಇದ್ದರೆ ಬರವಣಿಗೆಯಲ್ಲಿ ತಕರಾರು ಕಳಿಸಿ. ಟಪಾಲಿನ ಪಾವತಿ ಇಟ್ಟುಕೊಳ್ಳಿ.

ಐದು: ಇದಕ್ಕೂ ನಿಲ್ಲದಿದ್ದರೆ ದಿವಾಣಿ ಕೋರ್ಟಿನಲ್ಲಿ ವಾಟಣಿ ದಾವೆ ಹಾಕಿ. ಅದರ ಜೊತೆಗೆ ತಾತ್ಪೂರ್ತಿಕ ತಡೆ ಆಜ್ಞೆ ಕೇಳಿ. 'ಅಪ್ಪ ಮಾರದಂತೆ ತಡೆಯಿರಿ' ಎಂದು ಅಷ್ಟೇ ದಾವೆ ಹಾಕಿದರೆ ನಿಲ್ಲುವುದು ಕಷ್ಟ. ಕರ್ತಾ ಗರಜಿಗೆ ಮಾರುವುದನ್ನು ಹೀಗೆ ಮೊದಲೇ ತಡೆಯಲು ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿದೆ. ಆದ್ದರಿಂದ ನಿಮ್ಮ ಪಾಲನ್ನೇ ಕೇಳಿ.

ದಾವೆ ನಡೆದಾಗಲೇ ಹೊಲ ಮಾರಿದರೆ ಕೊಂಡವರೂ ಕೋರ್ಟಿನ ತೀರ್ಪಿಗೆ ತಲೆ ಬಾಗಬೇಕಾಗುತ್ತದೆ. ಇದಕ್ಕಾಗಿ ಮಹಾರಾಷ್ಟ್ರದಲ್ಲಿ ದಾವೆಯ ಸೂಚನೆಯನ್ನು ನೋಂದಣಿ ಕಚೇರಿಯಲ್ಲಿ ದಾಖಲು ಮಾಡಿಸುತ್ತಾರೆ. ಇದನ್ನು ವಕೀಲರಿಗೆ ನೆನಪು ಮಾಡಿ ಕೇಳಿ.

8. ಖರೇದಿ ಆಗಿ ಹೋಗಿದ್ದರೆ?

ಆಗಲೂ ಬಾಗಿಲು ಮುಚ್ಚಿಲ್ಲ.

ಮೊದಲು ನೋಂದಣಿ ಕಚೇರಿಯಿಂದ 'ಸೂಚಿ ಕ್ರಮಾಂಕ 2' ಮತ್ತು ಖರೇದಿಖತದ ನಕಲು ತೆಗೆಸಿ. ಎಷ್ಟು ಹೊಲ, ಎಷ್ಟು ಹಣ, ಯಾವ ಕಾರಣ ಎಂದು ಅದರಲ್ಲಿ ನೋಡಿ. ನಿಮ್ಮ ಹೆಸರಿನಲ್ಲಿ ಖೋಟಾ ಸಹಿ ಅಥವಾ ಖೋಟಾ ಹೆಬ್ಬೆಟ್ಟು ಇದ್ದರೆ ಅದು ಪೊಲೀಸ್ ಠಾಣೆಗೆ ಹೋಗುವ ಮಾತು. ಉಳಿದದ್ದು ದಿವಾಣಿ ಕೋರ್ಟಿನ ಮಾತು.

ಎರಡನೆಯದಾಗಿ, ಕೊಂಡವರ ಹೆಸರು ಉತಾರದಲ್ಲಿ ಏರಿಸಲು ತಲಾಠಿ ಫೇರಫಾರ ಬರೆಯುತ್ತಾರೆ. ಸಂಬಂಧಪಟ್ಟವರಿಗೆ ನೋಟಿಸ್ ಕೊಡುತ್ತಾರೆ. ಚಾವಡಿಯಲ್ಲೂ ಹಚ್ಚುತ್ತಾರೆ. ತಕರಾರಿಗೆ 15 ದಿನ ಇರುತ್ತದೆ. ಅಷ್ಟರೊಳಗೆ ತಕರಾರು ಅರ್ಜಿ ಕೊಡಿ. ಪೋಚ್ ಪಡೆಯಿರಿ. ಆಗ ಆ ನೋಂದ 'ತಕರಾರಿ ನೋಂದ' ಆಗುತ್ತದೆ. ಅಧಿಕಾರಿಗಳು ಎರಡೂ ಕಡೆಯ ಮಾತು ಕೇಳುತ್ತಾರೆ.

ಆದರೆ ಒಂದು ಮಾತು. ಮಾಲಕಿ ಯಾರದು ಎಂದು ಕಡೆಗೆ ಹೇಳುವುದು ಕೋರ್ಟು, ತಲಾಠಿ ಅಲ್ಲ. ಉತಾರದಲ್ಲಿ ಹೆಸರು ಏರಿದರೂ ನಿಮ್ಮ ಹಕ್ಕು ಸಾಯುವುದಿಲ್ಲ. ಏರದಿದ್ದರೂ ದಾವೆ ಹಾಕುವುದು ತಪ್ಪುವುದಿಲ್ಲ.

ಮೂರನೆಯದಾಗಿ, ದಿವಾಣಿ ಕೋರ್ಟಿನಲ್ಲಿ ಎರಡು ಬೇಡಿಕೆ ಇಡಿ. 'ಆ ಖರೇದಿ ನನ್ನ ಪಾಲಿಗೆ ಕಟ್ಟುವುದಿಲ್ಲ' ಎಂಬುದು ಒಂದು. 'ನನ್ನ ಪಾಲು ಬೇರೆ ಮಾಡಿ ವಶಕ್ಕೆ ಕೊಡಿ' ಎಂಬುದು ಇನ್ನೊಂದು. ಗರಜು ಇರಲಿಲ್ಲ ಎಂದು ಕೋರ್ಟಿಗೆ ಕಂಡರೆ ನಿಮ್ಮ ಪಾಲು ನಿಮಗೆ ಬರುತ್ತದೆ. ಕೊಂಡವರಿಗೆ ಅಪ್ಪನ ಪಾಲು ಉಳಿಯುತ್ತದೆ.

9. ಎಷ್ಟು ದಿನದೊಳಗೆ?

ಅಪ್ಪ ಮಾರಿದ ಪಿತ್ರಾರ್ಜಿತ ಆಸ್ತಿಯ ಖರೇದಿ ರದ್ದು ಮಾಡಿಸಲು 12 ವರ್ಷ ಅವಧಿ ಇದೆ. ಕೊಂಡವರು ಹೊಲ ವಶಕ್ಕೆ ತಗೊಂಡ ದಿನದಿಂದ ಎಣಿಸಬೇಕು. ಆದರೆ ಕೆಲವು ಬೇಡಿಕೆಗಳಿಗೆ 3 ವರ್ಷ ಮಾತ್ರ ಇರುತ್ತದೆ. ಆದ್ದರಿಂದ ಗೊತ್ತಾದ ಕೂಡಲೇ ವಕೀಲರನ್ನು ಕಾಣಿರಿ. ಕೊಂಡವರು ಬಾವಿ ತೋಡಿ, ಮನೆ ಕಟ್ಟಿ, ಮತ್ತೊಬ್ಬರಿಗೆ ಮಾರಿದ ಮೇಲೆ ಕೆಲಸ ಕಷ್ಟ.

ಸಣ್ಣ ಮಕ್ಕಳ ಸ್ವಂತ ಹೆಸರಿನಲ್ಲಿ ಬೇರೆ ಆಸ್ತಿ ಇದ್ದರೆ ಅದನ್ನು ಕೋರ್ಟಿನ ಪರವಾನಗಿ ಇಲ್ಲದೆ ಅಪ್ಪ-ಅವ್ವ ಮಾರಬಾರದು. ಮಾರಿದರೆ ಆ ಮಗು 18 ವರ್ಷ ತುಂಬಿದ ಮೇಲೆ 3 ವರ್ಷದೊಳಗೆ ದಾವೆ ಹಾಕಬಹುದು. ಅಂದರೆ 21 ತುಂಬುವ ತನಕ.

10. ಇವನ್ನು ಮಾಡಬೇಡಿ

- ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿ. ಬರಿ ಕಾಗದದ ಮೇಲೆ ಸಹಿ ಮಾಡಬೇಡಿ.
- 'ಹಕ್ಕಸೋಡ ಪತ್ರ' ಎಂದರೆ ನಿಮ್ಮ ಪಾಲು ಬಿಟ್ಟುಕೊಡುವ ಕಾಗದ. ಅಕ್ಕ-ತಂಗಿಯರೇ, ಬಿಡುವುದು ಬಿಡದಿರುವುದು ನಿಮ್ಮ ಮನಸ್ಸು. ಆದರೆ ಅದು ಏನು ಎಂದು ತಿಳಿದು ಸಹಿ ಮಾಡಿ. ನೋಂದಣಿ ಆದ ಮೇಲೆ ಪಾಲು ತಿರುಗಿ ಬರುವುದು ಕಷ್ಟ.
- ಬೆಳೆ ಕೀಳಬೇಡಿ. ಕೊಂಡವರ ಮೈಮೇಲೆ ಹೋಗಬೇಡಿ. ಹಕ್ಕು ನಿಮ್ಮದಿದ್ದರೂ ಕೇಸು ನಿಮ್ಮ ಮೇಲೆ ಆಗುತ್ತದೆ.
- ಹೊಲ ಮಾರಿದರೆಂದು ಅಪ್ಪ-ಅವ್ವನನ್ನು ಮನೆಯಿಂದ ಹೊರಗೆ ಹಾಕಬೇಡಿ. ಹಿರಿಯರನ್ನು ನೋಡಿಕೊಳ್ಳುವುದು ಮಕ್ಕಳ ಕರ್ತವ್ಯ. 2007ರ ಕಾಯಿದೆಯ ಪ್ರಕಾರ ಅವರು ಮಕ್ಕಳಿಂದ ಪೋಟಗಿ ಕೇಳಬಹುದು.

11. ಪುಕ್ಕಟೆ ವಕೀಲರು ಸಿಗುತ್ತಾರೆ

ಹಣ ಇಲ್ಲ ಎಂದು ಹಕ್ಕು ಬಿಡಬೇಡಿ. ಜಿಲ್ಲಾ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ತಾಲೂಕಾ ಕೋರ್ಟಿನಲ್ಲಿ ಅದರ ಸಮಿತಿ ಇರುತ್ತದೆ. 1987ರ ಕಾಯಿದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಸಣ್ಣ ಮಕ್ಕಳಿಗೆ, ಪರಿಶಿಷ್ಟ ಜಾತಿ-ಜಮಾತಿಯವರಿಗೆ, ಅಂಗವಿಕಲರಿಗೆ ಅಲ್ಲಿ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಇವರ ಆದಾಯ ಕೇಳುವುದಿಲ್ಲ. ಉಳಿದ ಬಡವರಿಗೆ ಆದಾಯ ನೋಡಿ ಕೊಡುತ್ತಾರೆ. 15100 ನಂಬರಿಗೆ ಫೋನ್ ಮಾಡಿಯೂ ಕೇಳಬಹುದು.

ಲೋಕ ಅದಾಲತಿನಲ್ಲಿ ಎರಡೂ ಕಡೆಯವರು ಒಪ್ಪಿದರೆ ಬೇಗ ಮುಗಿಯುತ್ತದೆ. ಅಲ್ಲಿ ಆದ ತೀರ್ಮಾನ ಕೋರ್ಟಿನ ತೀರ್ಪಿನಷ್ಟೇ ಗಟ್ಟಿ. ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಪೂರ್ಣ ತಿಳಿದು ಒಪ್ಪಿರಿ.

12. ಗುರಪ್ಪನ ಮನೆಯಲ್ಲಿ ಕಡೆಗೆ ಏನಾಯಿತು?

ಶಾಂತವ್ವ ಮತ್ತು ಮಲ್ಲಪ್ಪ ತಾಲೂಕಾ ಕೋರ್ಟಿನ ಸಮಿತಿಗೆ ಹೋದರು. ಅಲ್ಲಿಯ ವಕೀಲರು ಕಾಗದ ನೋಡಿದರು. ಕೊಳ್ಳುವವರಿಗೆ ನೋಟಿಸ್ ಹೋಯಿತು. ಕೊಳ್ಳುವವನೂ ಸಂಸಾರಸ್ಥ. "ತಕರಾರಿನ ಹೊಲ ನನಗ ಬ್ಯಾಡ್ರಿ. ಸ್ವಚ್ಛ ಇದ್ದದ್ದು ಒಂದ ಎಕರೆ ಇದ್ರ ಕೊಡ್ರಿ" ಎಂದ.

ಎಲ್ಲರೂ ಕೂಡಿ ತಹಸೀಲದಾರರಿಗೆ ವಾಟಣಿ ಅರ್ಜಿ ಕೊಟ್ಟರು. ನಾಲ್ಕು ಪಾಲು ಆಯಿತು. ಗುರಪ್ಪ ತನ್ನ 2 ಎಕರೆಯಲ್ಲಿ 1 ಎಕರೆ ಮಾರಿದ. ಇಸಾರದ ಹಣ ಅದರಲ್ಲಿಯೇ ವಜಾ ಆಯಿತು. ಎರಡೂ ಸಾಲ ತೀರಿತು. ಒಂದು ಎಕರೆ ಹೋಯಿತು, ಏಳು ಎಕರೆ ಉಳಿಯಿತು.

"ನಿನ್ನ ಪಾಲು ಅಣ್ಣಗ ಬಿಟ್ಟಬಿಡು" ಎಂದು ಕೆಲವರು ಶಾಂತವ್ವನಿಗೆ ಹೇಳಿದರು. ಅವಳು ಹಕ್ಕಸೋಡ ಬರೆದುಕೊಡಲಿಲ್ಲ. "ಹೊಲ ಅಣ್ಣನ ಬಿತ್ತಲಿ. ಹೆಸರು ನಂದ ಇರ್ಲಿ" ಎಂದಳು. ಮಲ್ಲಪ್ಪನೂ ಒಪ್ಪಿದ. ಈಗ ಸುಗ್ಗಿ ಆದ ಮೇಲೆ ಅವನು ತಂಗಿಯ ಮನೆಗೆ ಜೋಳದ ಚೀಲ ತಂದು ಇಳಿಸುತ್ತಾನೆ. ಮರುವರ್ಷದ ಪಂಚಮಿಗೂ ಶಾಂತವ್ವ ತವರಿಗೆ ಬಂದಳು. ಜೋಕಾಲಿ ಕಟ್ಟಿದವನು ಗುರಪ್ಪನೇ.

ಕಾಗದದಲ್ಲಿ ಬರುವ ಶಬ್ದಗಳು

ವಡಿಲೋಪಾರ್ಜಿತ – ಹಿರಿಯರಿಂದ ಬಂದ ಆಸ್ತಿ
ಸ್ವಕಷ್ಟಾರ್ಜಿತ – ಸ್ವಂತ ದುಡಿದು ಗಳಿಸಿದ ಆಸ್ತಿ
ಫೇರಫಾರ – ಹೆಸರು ಬದಲಾದ ನೋಂದಣಿ
ವಾಟಣಿಪತ್ರ – ಪಾಲು ಪತ್ರ
ಇಸಾರ – ಮುಂಗಡ ಹಣ
ಸಾಠೇಖತ – ಮಾರುವ ಕರಾರು
ಖರೇದಿಖತ – ಮಾರಾಟದ ಪತ್ರ
ಹಕ್ಕಸೋಡ ಪತ್ರ – ಹಕ್ಕು ಬಿಟ್ಟುಕೊಡುವ ಪತ್ರ
ಮೃತ್ಯುಪತ್ರ – ಉಯಿಲು
ಹರಕತ – ತಕರಾರು
ಪೋಚ್ – ಅರ್ಜಿ ಮುಟ್ಟಿದ್ದಕ್ಕೆ ಕೊಡುವ ಸಹಿ, ಶಿಕ್ಕೆ

ಬರೆದು ಕಲಿಯಿರಿ: ತಕರಾರು ಅರ್ಜಿ

ಈ ಅರ್ಜಿಯನ್ನು ಕನ್ನಡದಲ್ಲಿ ಬರೆದು ರೂಢಿ ಮಾಡಿ. ಕಚೇರಿಗೆ ಕೊಡುವಾಗ ಮರಾಠಿ ಬಲ್ಲವರಿಂದ ಬರೆಯಿಸಿ. ಬರೆದದ್ದನ್ನು ಓದಿಸಿ ಕೇಳಿ. ಆಮೇಲೆ ಸಹಿ ಮಾಡಿ.

ತಲಾಠಿಯವರಿಗೆ,
ವಿಷಯ: ಗಟ ನಂಬರ ........ ಇದರ ಫೇರಫಾರಕ್ಕೆ ತಕರಾರು.
ಮಾನ್ಯರೇ,
ಈ ಹೊಲ ನಮ್ಮ ಹಿರಿಯರಿಂದ ಬಂದದ್ದು. ಇದರಲ್ಲಿ ನನಗೆ ಹುಟ್ಟಿನಿಂದ ಪಾಲು ಇದೆ. ನನ್ನ ಒಪ್ಪಿಗೆ ಇಲ್ಲದೆ ದಿನಾಂಕ ........ ರಂದು ಖರೇದಿ ಆಗಿದೆ. ಮನೆತನದ ಗರಜು ಇರಲಿಲ್ಲ. ಆದ್ದರಿಂದ ಈ ನೋಂದಕ್ಕೆ ನನ್ನ ತಕರಾರು ಇದೆ. ನನ್ನ ಮಾತು ಕೇಳದೆ ನೋಂದ ಮಂಜೂರು ಮಾಡಬಾರದು ಎಂದು ವಿನಂತಿ.
ಜೊತೆಗೆ: 7/12 ಉತಾರ, ಹಳೆಯ ಫೇರಫಾರದ ನಕಲು
ದಿನಾಂಕ: ........ ಸಹಿ: ........

ಅಭ್ಯಾಸ

ಅ) ಉತ್ತರ ಹೇಳಿರಿ.
1. ಶಾಂತವ್ವ ಅಪ್ಪನಿಗೆ ಕೇಳಿದ ಮೊದಲ ಪ್ರಶ್ನೆ ಯಾವುದು?
2. ರಸ್ತೆ ಹೊಲವನ್ನು ಗುರಪ್ಪ ಮಾರಿದರೆ ಮಕ್ಕಳು ತಡೆಯಬಹುದೇ? ಯಾಕೆ?
3. ಬಸಣ್ಣನಿಗೆ ಹುಟ್ಟಿನಿಂದ ಹಕ್ಕು ಯಾಕೆ ಇಲ್ಲ?

ಆ) ಬಿಟ್ಟ ಜಾಗ ತುಂಬಿರಿ.
1. ಫೇರಫಾರಕ್ಕೆ ತಕರಾರು ಕೊಡಲು ........ ದಿನ ಇರುತ್ತದೆ.
2. ಮಗಳಿಗೆ ಮಗನಷ್ಟೇ ಹಕ್ಕು ಬಂದ ವರ್ಷ ........
3. ಗರಜು ಇತ್ತು ಎಂದು ತೋರಿಸಬೇಕಾದವರು ........

ಇ) ಲೆಕ್ಕ ಮಾಡಿರಿ.
ಒಂದು ಮನೆಯಲ್ಲಿ ಪಿತ್ರಾರ್ಜಿತ ಹೊಲ 10 ಎಕರೆ ಇದೆ. ಅಪ್ಪ, ಅವ್ವ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಒಬ್ಬೊಬ್ಬರಿಗೆ ಎಷ್ಟು ಎಕರೆ?

ಈ) ಮನೆಗೆಲಸ
ನಿಮ್ಮ ಮನೆಯ 7/12 ಉತಾರ ತನ್ನಿರಿ. ಅದರಲ್ಲಿ ಫೇರಫಾರ ಕ್ರಮಾಂಕ ಎಲ್ಲಿದೆ ಹುಡುಕಿರಿ. ಹೊಲ ಎಲ್ಲಿಂದ ಬಂತು ಎಂದು ಮನೆಯ ಹಿರಿಯರನ್ನು ಕೇಳಿ, ಮೂರು ಸಾಲು ಬರೆಯಿರಿ. ಇದನ್ನು ಮನೆಯಲ್ಲಿ ಯಾವ ತಂಟೆಯೂ ಇಲ್ಲದಿರುವಾಗಲೇ ಮಾಡಿರಿ.